ಹಗಲು ನಿದ್ದೆಯ ಕೋಣೆ

ಬೆಳಿಗ್ಗೆ ಎಂಟು ಗಂಟೆಗೆ ಊರೆಲ್ಲ ಎದ್ದು ಬೀದಿಗೆ ಬೀಳುವಾಗ, ಬೇಕರಿಯ ಹಿಂದಿನ ಉದ್ದನೆಯ ಕೋಣೆಯಲ್ಲಿ ರಾತ್ರಿ ಶುರುವಾಗುತ್ತಿತ್ತು. ಮೊದಲು ಬರುವವನು ಬ್ರೆಡ್ಡಿನ ಒಲೆಯವನು; ಹುಬ್ಬಿನ ತುಂಬ ಹಿಟ್ಟು. ಅವನ ಹಿಂದೆ ಆಸ್ಪತ್ರೆಯ ಆಯಾ ಇಬ್ಬರು, ಗೋದಾಮಿನ ಕಾವಲಿನವನು, ಆಂಬುಲೆನ್ಸ್ ಓಡಿಸುವವನು. ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಮಾತನ್ನೂ ಅಲ್ಲೇ ಬಿಡಬೇಕು.

“ಒಳಗೆ ಕೆಮ್ಮಬಹುದು, ಗೊರಕೆ ಹೊಡೀಬಹುದು,” ಎನ್ನುತ್ತಿದ್ದಳು ಕೋಣೆ ನಡೆಸುವ ಹಾಸಿಗೆಯಕ್ಕ. “ಬಾಯಿ ಬಿಟ್ಟು ಒಂದು ಮಾತಾಡಿದ್ರೆ, ಹಾಸಿಗೆ ಸಮೇತ ಬೀದಿಗೆ.”

ಕೋಣೆಯ ನಡುವೆ ಒಂದು ದಪ್ಪ ಪರದೆ. ಆಚೆ ಹೆಂಗಸರಿಗೆ ಐದು ಮಂಚ, ಈಚೆ ಗಂಡಸರಿಗೆ ಆರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ಅವಳ ಕಸುಬಾದ್ದರಿಂದ ಹನ್ನೊಂದು ಹಾಸಿಗೆಯೂ ಅವಳ ಕೈಯವೇ. ಬಾಗಿಲ ಪಕ್ಕ ಒಂದು ಸ್ಲೇಟು. ಯಾರನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕೆಂದು ಅದರಲ್ಲಿ ಬರೆದು ಮಲಗಬೇಕು. ಅಲಾರಂ ಇಟ್ಟರೆ ಒಬ್ಬನಿಗಾಗಿ ಹನ್ನೊಂದು ಜನ ಏಳುತ್ತಾರೆ. ಅದಕ್ಕೇ ಅವಳು ಘಳಿಗೆಗೊಮ್ಮೆ ಹೊರಗೆ ಹೋಗಿ ಬೇಕರಿಯ ಗೋಡೆ ಗಡಿಯಾರ ಇಣುಕಿ ನೋಡುವಳು. ಹೊತ್ತಾಗಿದ್ದರೆ ಬಂದು ಕಾಲಿನ ಹೆಬ್ಬೆರಳು ಮುಟ್ಟುವಳು. ಅಷ್ಟಕ್ಕೇ ಅವರು ನೀರಿನ ತಳದಿಂದ ಮೇಲೆ ಬಂದವರ ಹಾಗೆ ಮೆಲ್ಲಗೆ ಕಣ್ಣು ಬಿಡುವರು.

ನಿದ್ದೆಗೆ ಹಾಸಿಗೆ ಯಾಕೆ, ಬಂದರೆ ಕಲ್ಲಿನ ಮೇಲೂ ಬರುತ್ತದೆ ಎಂದು ಹೇಳುವವರು ಬಹಳ ಜನ ಇದ್ದಾರೆ. ಹೇಳುವವರೆಲ್ಲ ರಾತ್ರಿ ಮಲಗುವವರೇ. ಒಂದೇ ಕೋಣೆಯ ಮನೆಯಲ್ಲಿ ಮಿಕ್ಸಿ, ಟೀವಿ, ಮಕ್ಕಳ ಜಗಳ, ಬಾಗಿಲು ಬಡಿಯುವ ನೆಂಟರ ನಡುವೆ ನಡುಹಗಲಿಗೆ ಮಲಗಿ ನೋಡಬೇಕು. ಹಾಸಿಗೆಯಕ್ಕನ ಗಂಡ ಹಾಗೆ ಒಂಬತ್ತು ವರ್ಷ ಮಲಗಲು ನೋಡಿದ. ಒಂದು ಮುಂಜಾನೆ ಪಾಳಿ ಮುಗಿಸಿ ಬರುವಾಗ ಸೈಕಲ್ಲಿನ ಮೇಲೇ ಕಣ್ಣು ಮುಚ್ಚಿದ. ಎದುರಿಗೆ ಲಾರಿ ಬರುತ್ತಿತ್ತು. ಅವನ ತಿಥಿ ಮುಗಿದ ಮೇಲೆ ಅವಳು ಈ ಕೋಣೆ ಹಿಡಿದಳು.

ಈಗ ಕೋಣೆ ಕೈಬಿಡುವ ಹೊತ್ತು ಬಂದಿತ್ತು. ಬೇಕರಿಯ ಯಜಮಾನ ಕೆಟ್ಟವನಲ್ಲ, ಆದರೆ ಟೈರ್ ಅಂಗಡಿಯವನು ಗೋದಾಮಿಗೆಂದು ಮೂರು ಪಟ್ಟು ಬಾಡಿಗೆ ಕೊಡಲು ನಿಂತಿದ್ದ. ಮಲಗಿ ಹೋಗುವವರು ಕೊಡುವ ಚಿಲ್ಲರೆಯಲ್ಲಿ ಅದನ್ನು ಮುಟ್ಟುವಂತಿರಲಿಲ್ಲ. “ತಿಂಗಳ ಕೊನೆವರೆಗೆ ನೋಡ್ತೀನಕ್ಕ,” ಎಂದಿದ್ದ ಯಜಮಾನ. “ಆಮೇಲೆ ನನ್ನನ್ನ ಬೈಕೋಬೇಡ.”

ಆಗಲೇ ಗಡಿಯಾರದ ಮನೆಯವರ ಕಾಗದ ಬಂದದ್ದು. ಹಿಂದೆ ಅಲಾರಂ ಗಡಿಯಾರ ಮಾಡಿ ಮಾರಿ ಹೆಸರಾದ ಮನೆತನ. ಈಗ ಕಾರ್ಖಾನೆ ಇಲ್ಲ, ಅಜ್ಜನ ಹೆಸರಿನಲ್ಲಿ ಒಂದು ಸಣ್ಣ ಟ್ರಸ್ಟ್ ಇದೆ. ಓಣಿ ಕೇರಿಯ ಕೆಲಸಗಳಿಗೆ ನೆರವು ಕೊಡುತ್ತಾರೆ. ಎಂಟು ತಿಂಗಳ ಹಿಂದೆ ಮಳೆಗಾಲದಲ್ಲಿ ಛಾವಣಿ ಸೋರುತ್ತಿದ್ದಾಗ, ಅವಳ ಗಂಡನ ಅಣ್ಣ ಅವರಿಗೊಂದು ಅರ್ಜಿ ಹಾಕಿದ್ದ. ‘ಗುರುವಾರ ಹನ್ನೊಂದಕ್ಕೆ ನಮ್ಮವರೊಬ್ಬರು ಬಂದು ಸೋರುವ ಛಾವಣಿಯನ್ನು ನೋಡುತ್ತಾರೆ’ ಎಂದು ಕಾಗದದಲ್ಲಿತ್ತು.

ಹಾಸಿಗೆಯಕ್ಕ ಓದಿ ತಲೆ ಎತ್ತಿ ನೋಡಿದಳು. ಛಾವಣಿ ಎಲ್ಲಿ ಸೋರುತ್ತದೆ? ಕಾದು ಕಾದು ಸಾಕಾಗಿ, ಕೋಣೆಯಲ್ಲಿ ಮಲಗುವವರೇ ಹಳೇ ಬಸ್ಸಿನ ತಗಡು ತಂದು, ತಗಡಿನವನ ಕೈಯಿಂದ ಅದನ್ನು ಎಂದೋ ಹೊಚ್ಚಿಸಿ ಆಗಿತ್ತು.

“ಈಗೇನ್ಮಾಡೋದು ಭಾವ?”

ಭಾವ ನಲವತ್ತು ವರ್ಷ ಕಚೇರಿಯಲ್ಲಿ ಟೈಪು ಕುಟ್ಟಿದವನು. ಅರ್ಜಿ ಎಂದರೆ ಅವನಿಗೆ ಹಾಡಿನ ಹಾಗೆ, ಶ್ರುತಿ ಮಾತ್ರ ಅಳುವಿನದೇ ಇರಬೇಕು. “ಮಾಡೋದೇನು? ನಾಲ್ಕು ತಗಡು ಬಿಚ್ಚಿಸ್ತೀನಿ. ಅವರು ನೋಡ್ಕೊಂಡು ಹೋದ ಮೇಲೆ ಮತ್ತೆ ಹೊಚ್ಚಿದ್ರಾಯ್ತು.”

“ಹೊಚ್ಚಿದ ಸೂರು ಬಿಚ್ಚೋದಾ? ತಲೆ ನೆಟ್ಟಗಿದೆಯಾ ನಿಮಗೆ?”

“ನೋಡಮ್ಮ, ಅಳೋ ಮಗೂಗೇ ಹಾಲು. ನಗ್ತಾ ಕೂತ ಮಗು ಹಸ್ಕೊಂಡೇ ಸಾಯುತ್ತೆ.”

“ಬಾಡಿಗೆಗೆ ದುಡ್ಡು ಬೇಕು ಅಂತ ನೇರವಾಗಿ ಕೇಳಿದ್ರೆ?”

“ಬಾಡಿಗೆಗೆ ಯಾರೂ ಕೊಡಲ್ಲ. ಅವರ ಫಾರಂನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ, ನಾನೇ ತುಂಬಿದ್ದಲ್ವಾ! ಕಟ್ಟಡ, ರಿಪೇರಿ, ಸಾಮಾನು, ಅಷ್ಟೇ. ಸೂರಿಗೆ ಅಂತ ತಗೊಳ್ಳೋಣ, ಬಾಡಿಗೆಗೆ ಕಟ್ಟೋಣ. ಯಾರ ಮನೆ ಗಂಟು ಹೋಗುತ್ತೆ?” ಭಾವ ದನಿ ತಗ್ಗಿಸಿ ಹೇಳಿದ, “ನನಗೇನು ಸುಳ್ಳು ಹೇಳೋ ಚಟವಾ? ಹೋದವನು ನನ್ನ ತಮ್ಮ. ಅವನಿಗೆ ಇಂಥದ್ದೊಂದು ಮಂಚ ಸಿಕ್ಕಿದ್ದಿದ್ರೆ…”

ಅವಳ ಕೋಪ ಒಳಗೇ ಉಳಿಯಿತು. “ಏನಾದ್ರೂ ಮಾಡ್ಕೊಳ್ಳಿ,” ಎಂದಳು. ಜನ ತಪ್ಪಿಗೆ ಒಪ್ಪುವುದು ಹೀಗೇ, ಏನಾದರೂ ಮಾಡಿಕೊಳ್ಳಿ ಎಂದು.

ಗುರುವಾರ ಹತ್ತೂವರೆಗೆ ತಗಡಿನವನು ಬೆಕ್ಕಿನ ಹಾಗೆ ಸದ್ದಿಲ್ಲದೆ ಮೇಲೆ ಹತ್ತಿದ. ಒಳಗೆ ಒಂಬತ್ತು ಜನ ಮಲಗಿದ್ದರು. ಕೋಣೆ ಬಾವಿಯ ಹಾಗೆ ತಣ್ಣಗೆ, ಕತ್ತಲಾಗಿ ಇತ್ತು. ಉಸಿರುಗಳು ಒಂದರ ಮೇಲೊಂದು ಬಂದು ಹೋಗುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಕೋಣೆಯೇ ದೊಡ್ಡದೊಂದು ಪ್ರಾಣಿಯಾಗಿ, ಹೊಟ್ಟೆಯೊಳಗೆ ಎಲ್ಲರನ್ನೂ ಇಟ್ಟುಕೊಂಡು ಮಲಗಿದ ಹಾಗಿತ್ತು. ಅವಳು ಬಾಗಿಲ ಬಳಿ ಕುಳಿತು ಆ ಉಸಿರು ಕೇಳುತ್ತಿದ್ದಳು.

ಮೊದಲ ತಗಡು ಸರಿಯಿತು.

ಬೆಳಕು ಒಂದು ಕಂಬದ ಹಾಗೆ ನೇರ ಇಳಿಯಿತು. ಅದರಲ್ಲಿ ಹತ್ತಿಯ ಎಳೆಗಳು ಮೇಲೆ ಕೆಳಗೆ ತೇಲಿದವು. ಕಂಬದ ಬುಡ ಆಂಬುಲೆನ್ಸ್ ಡ್ರೈವರನ ಮುಖದ ಮೇಲೆ ನಿಂತಿತು. ಅವನು ಏಳಲಿಲ್ಲ. ನಿದ್ದೆಯಲ್ಲೇ ಮುಖ ಆಚೆ ತಿರುಗಿಸಿದ, ಈಚೆ ತಿರುಗಿಸಿದ. ಕೈ ಮೇಲೆತ್ತಿ ಏನನ್ನೋ ಹುಡುಕಿ, ಸಿಗದೆ, ಕಣ್ಣ ಮೇಲೆ ಇಟ್ಟುಕೊಂಡ. ಹುಬ್ಬು ಗಂಟಿಕ್ಕಿತು. ಅವಳ ಗಂಡನೂ ಹಗಲೆಲ್ಲ ಹೀಗೇ, ಕೈಯನ್ನು ಕಣ್ಣ ಮೇಲಿಟ್ಟುಕೊಂಡು ಮಲಗಿರುತ್ತಿದ್ದ.

ಅವಳು ಹೊರಗೆ ಹಾರಿ, ಮೇಲಿದ್ದವನಿಗೆ ಕಣ್ಣು ಕೆಂಪು ಮಾಡಿ ಕೈ ಬೀಸಿದಳು. ಅವನು ಇಳಿದು ಬಂದ.

“ಮುಚ್ಚೋ ಅದನ್ನ!”

“ಮುಚ್ಚಬೇಕಾದ್ರೆ ಮೊಳೆ ಹೊಡೀಬೇಕಕ್ಕ. ಸುತ್ತಿಗೆ ಸದ್ದಿಗೆ ಒಳಗಿದ್ದೋರೆಲ್ಲ ಎದ್ದು ಬಂದು ನನಗೆ ಹೊಡೀತಾರೆ.”

“ಬಿಚ್ಚೋವಾಗ ಸದ್ದಾಗ್ಲಿಲ್ವಾ?”

“ಬಿಚ್ಚೋಕೆ ಯಾವತ್ತೂ ಸದ್ದಿರಲ್ಲ,” ಎಂದ ತಗಡಿನವನು.

ಅವಳು ಅವನನ್ನೂ ಬೈದು, ಭಾವನನ್ನೂ ಬೈದು, ಕೊನೆಗೆ ಬಾಗಿಲ ಮೂಲೆಯಲ್ಲಿದ್ದ ಕಪ್ಪು ಛತ್ರಿ ಎತ್ತಿಕೊಂಡು ಒಳಗೆ ಹೋದಳು. ಕ್ಲಿಕ್ ಅನ್ನದ ಹಾಗೆ ಬೆರಳಿಟ್ಟು ಬಿಚ್ಚಿ, ಡ್ರೈವರನ ತಲೆಯ ಮೇಲೆ ಹಿಡಿದು ನಿಂತಳು. ಹುಬ್ಬಿನ ಗಂಟು ಸಡಿಲವಾಯಿತು. ಕೈ ಕಣ್ಣಿಂದ ಜಾರಿ ಎದೆಯ ಮೇಲೆ ಬಿತ್ತು. ಸೂರ್ಯ ಸರಿದ ಹಾಗೆ ಅವಳೂ ಛತ್ರಿಯನ್ನು ಗೇಣು ಗೇಣು ಸರಿಸುತ್ತ ನಿಂತಳು. ತೋಳು ಮರಗಟ್ಟಿತು. ಆ ಹೊತ್ತಿನಲ್ಲಿ ಯಾರಾದರೂ ಬಂದರೆ ಏನು ಹೇಳುವುದೆಂದು ಯೋಚಿಸಲೇ ಇಲ್ಲ ಅವಳು. ಬೆಳಕಿನಲ್ಲಿ ತೇಲುವ ಹತ್ತಿ ನೋಡುತ್ತ, ತಾನೂ ಅರೆ ಎಚ್ಚರ ಅರೆ ಕನಸಿನಲ್ಲಿ ಇದ್ದಳು.

ಗಡಿಯಾರದ ಮನೆಯ ಮೊಮ್ಮಗಳು ಬಂದದ್ದು ಹೀಗಿರುವಾಗ. ಐವತ್ತರ ಹತ್ತಿರದ ಹೆಂಗಸು, ಕಂಕುಳಲ್ಲಿ ಕಡತ. ಭಾವ ಬಾಗಿಲಲ್ಲೇ, “ಅಮ್ಮಾವ್ರೇ, ಈ ನತದೃಷ್ಟರ…” ಎಂದು ಶುರು ಮಾಡಿದ. ಬಾಗಿಲ ಮೇಲಿನ ‘ಮಾತು ಬೇಡ’ ಎಂಬ ಹಲಗೆ ನೋಡಿ ಆಕೆ ತುಟಿಯ ಮೇಲೆ ಬೆರಳಿಟ್ಟಳು. ವಾರವಿಡೀ ಬಾಯಿಪಾಠ ಮಾಡಿದ್ದ ಅವನ ಭಾಷಣ ಚಪ್ಪಲಿಗಳ ಜೊತೆ ಹೊರಗೇ ಉಳಿಯಿತು.

ಆಕೆ ಬರಿಗಾಲಲ್ಲಿ ಬಂದು ಮಂಚದ ಕೆಳತುದಿಯಲ್ಲಿ ನಿಂತಳು. ಛತ್ರಿ ನೋಡಿದಳು, ಮೇಲಿನ ಕಿಂಡಿ ನೋಡಿದಳು. ಕಡತ ತೆರೆದು ಒಂದು ಫೋಟೋ ತೆಗೆದು, ಮಲಗಿದವನ ಮುಖದ ಜೊತೆ ಹೋಲಿಸಿದಳು. ಮಳೆಗಾಲದಲ್ಲಿ ಭಾವ ತೆಗೆದದ್ದು. ಡ್ರೈವರ್ ಬಾಯಿ ತೆರೆದು, ಜೊಲ್ಲು ಸುರಿಸುತ್ತ, ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ ಮಲಗಿದ್ದಾನೆ. ಅವನಿಗೆ ಗೊತ್ತಿರಲಿಲ್ಲ. ತೆಗೆಯುವಾಗ ಬಕೆಟ್ಟನ್ನು ಹತ್ತಿರ ಸರಿಸಿದವಳು ಹಾಸಿಗೆಯಕ್ಕನೇ.

ಆಕೆ ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದಳು: ‘ಛಾವಣಿ ಈಗಲೂ ಸೋರುತ್ತಿದೆಯೇ?’

ಹೌದು ಎಂದು ತಲೆ ಆಡಿಸಿದರೆ ಮುಗಿಯುತ್ತಿತ್ತು. ಕಿಂಡಿ ಮೇಲೇ ಇತ್ತು, ಛತ್ರಿ ಕೈಯಲ್ಲಿತ್ತು. ಭಾವ ಬಾಗಿಲಿಂದ ಜೋರಾಗಿ ತಲೆ ಆಡಿಸುತ್ತಿದ್ದ.

ಹಾಸಿಗೆಯಕ್ಕ ಛತ್ರಿಯನ್ನು ಆಕೆಯ ಕೈಗೆ ಕೊಟ್ಟಳು. ಆಕೆ ಗಾಬರಿಯಾಗಿ ಹಿಡಿದುಕೊಂಡಳು. ಇವಳು ಪೆನ್ಸಿಲು ತೆಗೆದುಕೊಂಡು ನಿಧಾನಕ್ಕೆ, ಶಾಲೆಯ ಕಾಪಿಯ ಹಾಗೆ ದುಂಡಗೆ ಬರೆದಳು: ‘ಇಲ್ಲ. ನೀವು ನೋಡಲಿ ಅಂತ ಇವತ್ತು ನಾವೇ ಬಿಚ್ಚಿದೆವು. ಫೋಟೋ ಇವನನ್ನು ಕೇಳದೆ ತೆಗೆದದ್ದು. ನಮಗೆ ಬೇಕಾದದ್ದು ಬಾಡಿಗೆ.’

ಅವಳು ತಲೆ ಆಡಿಸದೆ ಬರೆದದ್ದು ಕಂಡೇ ಭಾವ ಅಲ್ಲೇ ಚಪ್ಪಲಿಗಳ ನಡುವೆ ಕುಳಿತುಬಿಟ್ಟ.

ಆಕೆ ಓದಿದಳು. ಒಂದು ಕೈಯಿಂದ ಇನ್ನೊಂದಕ್ಕೆ ಛತ್ರಿ ಬದಲಾಯಿಸಿಕೊಂಡು, ಬಿಸಿಲು ಆ ಮಂಚ ದಾಟುವವರೆಗೂ ನಿಂತಿದ್ದಳು. ಆಮೇಲೆ ಸ್ಲೇಟಿನ ಮುಂದೆ ಬಹಳ ಹೊತ್ತು ನಿಂತಳು. ಹಾಸಿಗೆಯಕ್ಕ ಹೊರಗೆ ಹೋಗಿ ಬೇಕರಿಯ ಗಡಿಯಾರ ಇಣುಕಿ ಬರುವುದನ್ನು, ಬಂದು ಹೆಬ್ಬೆರಳು ಮುಟ್ಟುವುದನ್ನು ಒಂದೊಂದಾಗಿ ನೋಡಿದಳು. ಎರಡು ಗಂಟೆಗೆ ಡ್ರೈವರ್ ಎದ್ದ.

ಹೊರಗೆ ಬಂದ ಮೇಲೆ ಹಾಸಿಗೆಯಕ್ಕ ಅವನಿಗೆ ಫೋಟೋ ಕೊಟ್ಟಳು. “ತಗೋ, ಇದು ನಿಂದು. ಹೇಳದೆ ಕೇಳದೆ ತೆಗೆದಿದ್ವಿ. ತಪ್ಪಾಯ್ತು.”

ಅವನು ತಿರುಗಿಸಿ ತಿರುಗಿಸಿ ನೋಡಿದ. ಮುಖ ಮೊದಲು ಬಿಗಿಯಿತು. “ಇದನ್ನ ಯಾರ್ಯಾರು ನೋಡಿದ್ದಾರೆ?”

“ನಮ್ಮ ಮನೇಲಿ ಆರು ಜನ,” ಎಂದಳು ಮೊಮ್ಮಗಳು ತಲೆ ತಗ್ಗಿಸಿ. “ನಾವೇ ಫೋಟೋ ಕಳಿಸಿ ಅಂತ ಕೇಳೋದು.”

“ಅಲ್ಲಕ್ಕ, ಬಾಯಿ ಮುಚ್ಚಿರೋವಾಗ ತೆಗೀಬಾರ್ದಿತ್ತಾ ನಿಮ್ಮ ಭಾವ?” ಎಂದ ಡ್ರೈವರ್. ಯಾರೂ ನಗಲಿಲ್ಲ. ಅವನು ಫೋಟೋವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಸಂಜೆಯ ಪಾಳಿಗೆ ಹೊರಟುಹೋದ.

ಮೊಮ್ಮಗಳು ಮೆಟ್ಟಿಲ ಮೇಲೆ ಕುಳಿತು ಫಾರಂ ತೆರೆದಳು. “ಬಾಡಿಗೆಗೆ ಇದರಲ್ಲಿ ಕಾಲಮ್ ಇಲ್ಲ.”

“ಗೊತ್ತು,” ಎಂದಳು ಹಾಸಿಗೆಯಕ್ಕ. “ಇಲ್ಲದ್ದಕ್ಕೇ ಇಷ್ಟೆಲ್ಲ ನಾಟಕ ಆಗಿದ್ದು.”

ಆಕೆ ಪೆನ್ಸಿಲಿನಿಂದ, ಸ್ಕೇಲೂ ಇಲ್ಲದೆ, ಕೆಳಗೆ ಡೊಂಕಾಗಿ ಒಂದು ಗೆರೆ ಎಳೆದಳು. “ನೀವು ಹೇಳಿ, ಬರ್ಕೊಳ್ತೀನಿ. ಟ್ರಸ್ಟ್ ನೋಡ್ಕೊಳ್ಳೋ ನಮ್ಮ ಅಣ್ಣಂದಿರು ಒಪ್ಪಬೇಕು. ಒಪ್ಪದೆಯೂ ಇರಬಹುದು.”

“ಒಪ್ಪದಿದ್ರೆ ಬೇಡ,” ಎಂದಳು ಹಾಸಿಗೆಯಕ್ಕ. ಒಪ್ಪದಿದ್ದರೆ ತಿಂಗಳ ಕೊನೆಗೆ ಟೈರು ಬರುತ್ತದೆಂದು ಗೊತ್ತಿತ್ತು. ಸಂಜೆ ಒಳಗಿದ್ದವರೆಲ್ಲ ಎದ್ದು ಹೋದ ಮೇಲೆ ತಗಡಿನವನು ಕಿಂಡಿಗೆ ಮೊಳೆ ಹೊಡೆದು ಮುಚ್ಚಿದ.

ತಿಂಗಳು ಮುಗಿಯಲು ಮೂರು ದಿನ ಇರುವಾಗ ಅಂಚೆಯವನು ಒಂದು ಪೆಟ್ಟಿಗೆ, ಒಂದು ಲಕೋಟೆ ತಂದ. ಹರಿದರೆ ಸದ್ದಾಗುತ್ತದೆಂದು ಲಕೋಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಬಾಗಿಲ ಬಳಿ ಕುಳಿತಳು. ಬೀದಿಗೆ ಹೋಗಿ ಹರಿಯಬಹುದಿತ್ತು. ಧೈರ್ಯ ಬರಲಿಲ್ಲ. ಭಾವ ಬಂದು ಪಕ್ಕದಲ್ಲಿ ಕುಳಿತ. ಬಾಯಿ ತೆರೆದ, ಹಲಗೆ ನೋಡಿದ, ಮುಚ್ಚಿದ. ಆಮೇಲೆ ತಾನೇ ಲಕೋಟೆ ಎತ್ತಿಕೊಂಡು, ಟೈಪು ಕುಟ್ಟಿ ಸವೆದ ಬೆರಳಿನಿಂದ ಅಂಟು ನೆನೆಸಿ ನೆನೆಸಿ, ಚೂರೂ ಸದ್ದಿಲ್ಲದೆ ಬಿಡಿಸಿದ.

ಟೈರಿನವನು ಹೇಳಿದ ಲೆಕ್ಕದಲ್ಲೇ ಒಂದು ವರ್ಷದ ಬಾಡಿಗೆ ಬಂದಿತ್ತು. ಮುಂದಿನ ವರ್ಷ ಮತ್ತೆ ಕೇಳಿ ಎಂದಿತ್ತು, ಫೋಟೋ ಬೇಡ ಎಂದಿತ್ತು.

ಪೆಟ್ಟಿಗೆಯಲ್ಲಿ ಅವರ ಅಜ್ಜನ ಕಾಲದ ಒಂದು ಅಲಾರಂ ಗಡಿಯಾರ. ಹಿಂದೆ ತಿರುಗಿಸಿದರೆ ಬಾರಿಸುವ ಗಂಟೆ ಇರುವ ಜಾಗ ಖಾಲಿ. ಯಾರೋ ಜೋಪಾನವಾಗಿ ಗಂಟೆ ಕಳಚಿ, ಮುಳ್ಳುಗಳನ್ನಷ್ಟೇ ಬಿಟ್ಟಿದ್ದರು. ಹಾಸಿಗೆಯಕ್ಕ ಅದನ್ನು ಸ್ಲೇಟಿನ ಮೇಲಿನ ಗೂಡಿನಲ್ಲಿ ಇಟ್ಟಳು. ಎರಡು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಬೇಕರಿಯ ಕಡೆ ಹೋಗದೆ ಮುಳ್ಳನ್ನೇ ನೋಡುತ್ತ ನಿಂತಳು. ಹೊತ್ತಾದಾಗ ಒಳಗೆ ಹೋಗಿ, ಆಂಬುಲೆನ್ಸ್ ಡ್ರೈವರನ ಹೆಬ್ಬೆರಳು ಮುಟ್ಟಿದಳು.