ಖಾನಾಪುರಕ್ಕೆ ಮುಟ್ಟಿದ ಹಾಳೆ

ಉದ್ಯಮಬಾಗದ ತನ್ನ ಸಣ್ಣ ಆಫೀಸಿನಲ್ಲಿ ತ್ರಿಶಲಾ, ಕೊಳ್ಳುವ ಮೊದಲು ನೋಡಿಬಿಡೋಣವೆಂದು, ಮಧ್ಯಾಹ್ನದಿಂದ ಹೊಸ ಪ್ರಿಂಟರನ್ನು ಪರೀಕ್ಷಿಸುತ್ತಿದ್ದಳು. ಪ್ರಿಂಟ್, ಸ್ಕ್ಯಾನ್, ಝೆರಾಕ್ಸ್ ಎಲ್ಲವೂ ಅಚ್ಚುಕಟ್ಟು. ಯಾವ ಕಂಪ್ಯೂಟರಿನಿಂದ ಹೇಳಿದರೂ ಹಾಳೆ ಸರಸರನೆ ಬರುತ್ತಿತ್ತು.

“ಫ್ಯಾಕ್ಸ್ ಒಂದು ನೋಡಿಬಿಡ್ರಿ ಅಕ್ಕಾರ,” ಎಂದ, ಯಂತ್ರ ತೋರಿಸಲು ಬಂದಿದ್ದ ಅಜಿಂಕ್ಯ.

ಹಾಳೆ ಇಟ್ಟದ್ದೇ ತಡ, ಅವಳ ಬೆರಳು ತಾನಾಗಿಯೇ ಖಾನಾಪುರದ ನಂಬರು ಒತ್ತಿತು. ಅಲ್ಲಿ ಅಪ್ಪ ಬಾಪುಸಾಹೇಬರು ಹಂಚು ಇಟ್ಟು ಮಾರುತ್ತಿದ್ದ ವಖಾರಿ. ಫೋನಿನ ಮಾತಿಗೆ ಬೆಲೆಯಿಲ್ಲ ಎನ್ನುವ ಮನುಷ್ಯ. ಇವಳು ಫ್ಯಾಕ್ಸಿನಲ್ಲಿ ಕಳಿಸಿದ ಹಂಚಿನ ಆರ್ಡರಿನ ಕೆಳಗೇ ಬರೆದು ತಿರುಗಿ ಕಳಿಸುತ್ತಿದ್ದರು: “ಮುಟ್ಟಿತು. ಹೊತ್ತು ಮುಳುಗೂದ್ರೊಳಗ ಊಟಾ ಮಾಡವಾ.” ಮಗಳು ಆಫೀಸಿನಲ್ಲಿದ್ದರೂ ಜೈನರ ಮನೆಯ ಆ ನೇಮ ತಪ್ಪಬಾರದು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ವಖಾರಿಗೆ ಬೀಗ ಬಿತ್ತು. ಒಳಗಿನ ಫ್ಯಾಕ್ಸಿನ ವಯರನ್ನು ಕೀಳಲು ಯಾರಿಗೂ ಮನಸ್ಸಾಗಿರಲಿಲ್ಲ.

ಯಂತ್ರ ಕುಂಯ್‌ಗುಟ್ಟಿ, ಹಾಳೆ ತಲುಪಿತೆನ್ನುವ ಚೀಟಿಯೊಂದನ್ನು ಹೊರಹಾಕಿತು.

“ನೋಡ್ರಿ, ಮುಟ್ಟೇತಿ!” ಅಜಿಂಕ್ಯ ಹಿಗ್ಗಿದ.

ತ್ರಿಶಲಾ ಯಂತ್ರದ ಮುಂದೆಯೇ ನಿಂತಿದ್ದಳು, ಉತ್ತರ ಬರುವುದಿದೆ ಎನ್ನುವ ಹಾಗೆ. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಊಟದ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ.

“ಯಾಕ್ರಿ, ಮಷೀನ್ ಮನಸಿಗೆ ಬರಲಿಲ್ಲೇನ್ರಿ?”

“ಚಲೋ ಐತ್ರಿ,” ಎಂದಳು. “ಫ್ಯಾಕ್ಸ್ ಇಲ್ಲದ್ದು ಇದ್ರ ತೋರಸ್ರಿ.”