ನಡುರಸ್ತೆಯಲ್ಲಿ ಇಳಿದವಳು

ನನ್ನದು ಕನ್ನಡಕದ ಅಂಗಡಿ. ಅದರ ಎದುರಿಗೇ ಬಸ್ ನಿಲ್ದಾಣ. ಬೇರೆಯವರು ಜಾಗ ಹಿಡಿಯುವ ಮೊದಲೇ, ಬೆಳಿಗ್ಗೆ ಎಂಟಕ್ಕೆ, ನನ್ನ ಬಿಳಿ ಕಾರನ್ನು ತಂದು ಅಲ್ಲಿ ನಿಲ್ಲಿಸುತ್ತಿದ್ದೆ. ಹನ್ನೊಂದು ವರ್ಷ ಹೀಗೆ ಮಾಡಿದೆ. ಬಸ್ಸು ನಡುರಸ್ತೆಯಲ್ಲಿ ನಿಂತರೆ, "ಈ ಡ್ರೈವರಿಗೆ ಕಣ್ಣು ಕಾಣಿಸಲ್ವಾ? ಬರಲಿ, ಒಂದು ಕನ್ನಡಕ ಹಾಕಿ ಕಳಿಸ್ತೀನಿ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದೆ.

ಮಧ್ಯಾಹ್ನ ನನ್ನ ಹೆಂಡತಿ ಬಿಸಿ ಊಟ ಹಿಡಿದು ಅದೇ ಬಸ್ಸಿನಲ್ಲಿ ಬರುತ್ತಿದ್ದಳು. ಮೂರು ತಿಂಗಳ ಹಿಂದೆ ಜ್ವರ ಬಂದು ಭಗವಂತನ ಪಾದ ಸೇರಿದಳು.

ಆಮೇಲೊಂದು ದಿನ ಕಾರು ಕೆಟ್ಟು ಗ್ಯಾರೇಜು ಸೇರಿತು. ಅವಳ ಹಸಿರು ಚೀಲದಲ್ಲಿ ಡಬ್ಬಿ ಇಟ್ಟುಕೊಂಡು ನಾನೂ ಬಸ್ಸು ಹತ್ತಿದೆ. ಕಂಡಕ್ಟರ್ ಹೆಣ್ಣುಮಗಳು ಚೀಲವನ್ನೇ ನೋಡಿದಳು.

"ತಾತ, ಇದು ಊಟದಜ್ಜಿ ಚೀಲ ಅಲ್ವಾ?"

"ಹೌದಮ್ಮ. ನನ್ನ ಹೆಂಡತಿ. ಈಗಿಲ್ಲ."

ಅವಳ ಮುಖ ಬಾಡಿತು. ನಾನು ಮಾತು ಬದಲಿಸಿದೆ. "ನಿಮ್ಮ ಬಸ್ಸು ಯಾವತ್ತೂ ತಡ. ಅದಕ್ಕೇ ನಮ್ಮಂಥೋರು ಕಾರು ಬಿಡಲ್ಲ."

"ನೀವು ಕಾರು ಬಿಡಲ್ಲ, ಅದಕ್ಕೇ ನಾವು ತಡ! ಒಂದು ಕಾರಲ್ಲಿ ಒಬ್ಬರು. ಅವರು ಜಾಗ ಬಿಡೋ ತನಕ ಐವತ್ತು ಜನ ಕಾಯ್ಬೇಕು. ನೀವಿಳಿಯೋ ಸ್ಟಾಪಲ್ಲಿ ಒಂದು ಬಿಳೀ ಕಾರು ನಿಂತಿರತ್ತೆ. ಅದರ ದೆಸೆಯಿಂದ ಅಜ್ಜಿ ದಿನಾ ನಡುರಸ್ತೆಲಿ ಇಳೀತಿದ್ರು. ಒಂದ್ಸಲ ಸ್ಕೂಟರ್ ತಾಗಿ ಬಿದ್ದೇ ಬಿಟ್ರು. ನಾನು ಆ ಕಾರಿನವನಿಗೆ ಹಿಡಿಶಾಪ ಹಾಕ್ತಿದ್ರೆ ಅಜ್ಜಿ, 'ಬೈಬೇಡ ಮಗಳೇ, ಅವರಿಗೆ ಗೊತ್ತಿಲ್ಲ' ಅಂದ್ರು."

ಆ ದಿನ ನೆನಪಾಯಿತು. ಮೊಣಕೈಗೆ ಸೆರಗು ಸುತ್ತಿಕೊಂಡು ಬಂದಿದ್ದಳು. ಡಬ್ಬಿಯಲ್ಲಿ ಅರ್ಧ ಊಟ. "ಮೆಟ್ಟಿಲಲ್ಲಿ ಜಾರಿದೆ" ಎಂದಳು. "ನೋಡ್ಕೊಂಡು ನಡಿಯೋಕೇನು?" ಎಂದು ಗದರಿದ್ದೆ. ಉಳಿದ ಊಟವನ್ನೆಲ್ಲ ನನಗೇ ಬಡಿಸಿದ್ದಳು.

"ಆ ಕಾರು ನಂದೇ ಅಮ್ಮ" ಎಂದೆ. ತಲೆ ಎತ್ತಲಾಗಲಿಲ್ಲ.

ನಿಲ್ದಾಣ ಬಂತು. ನನ್ನ ಜಾಗದಲ್ಲಿ ಆ ದಿನ ಇನ್ಯಾರದೋ ಕಾರು. ಅವಳು ಕೈ ಹಿಡಿದು ನನ್ನನ್ನು ನಡುರಸ್ತೆಯಲ್ಲಿ ಇಳಿಸಿದಳು.

ಸಂಜೆ ಮಗ ಹೇಳಿದ, "ಅಪ್ಪಾ, ಕಾರು ರೆಡಿ. ನಾಳೆಯಿಂದ ನಾನೇ ಆಫೀಸಿಗೆ ತಗೊಂಡು ಹೋಗ್ತೀನಿ. ಬಸ್ಸಲ್ಲಿ ಯಾರು ನೇತಾಡ್ತಾರೆ?"

"ನಿಮ್ಮಮ್ಮ ನೇತಾಡಿದಳಪ್ಪ" ಎಂದು ಎಲ್ಲವನ್ನೂ ಹೇಳಿದೆ. ಅವನು ಹಸಿರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಬೆಳಿಗ್ಗೆ ಕಾರಿನ ಕೀಲಿ ಗೋಡೆಯ ಮೊಳೆಯಲ್ಲೇ ಇತ್ತು. "ಏಳಿ ಅಪ್ಪಾ, ಎಂಟರ ಬಸ್ಸು ತಪ್ಪತ್ತೆ" ಎಂದ.

ಆಮೇಲೆ ನಮ್ಮ ಬೀದಿಯ ಅಂಗಡಿಗಳವರ ಬಳಿಗೆಲ್ಲ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡು, ನಿಲ್ದಾಣದಲ್ಲಿ ಕಾರು ನಿಲ್ಲಿಸಬೇಡಿ ಎಂದು ಕೈಮುಗಿದೆ. ಈಗ ಆ ಜಾಗ ಖಾಲಿ. ಬಸ್ಸು ಫುಟ್‌ಪಾತಿನ ಅಂಚಿಗೇ ಬಂದು ನಿಲ್ಲುತ್ತದೆ. ಮಧ್ಯಾಹ್ನ ನಾನು ಬಾಗಿಲಿಗೆ ಬಂದು ಇಳಿಯುವವರನ್ನು ನೋಡುತ್ತೇನೆ.

ಓದುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ದಾರಿಗೆ ಬಸ್ಸಿದ್ದರೆ ನಾಳೆ ಅದನ್ನೇ ಹತ್ತಿ. ಕಾರು ತರಲೇಬೇಕಾದ ದಿನ ನಿಲ್ದಾಣದ ಜಾಗವನ್ನು ಬಿಟ್ಟುಕೊಡಿ. ನಿಮ್ಮ ತಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಮಗೆ ಊಟ ಬಡಿಸುವವರು ಮನೆಯಲ್ಲಿ ಇದ್ದಾರು. ಅವರು ಇರುವಾಗಲೇ ಹತ್ತಿ.