ಬ್ಯಾಂಕಿನ ಮುಂದಿನ ಬೆಂಚು

ಪೇಟೆಬೀದಿ ಉದ್ಧಾರವಾಗಲಿ ಎಂದು ಬಟ್ಟೆ ಅಂಗಡಿಯ ವಿಲ್ಮಾ ಎರಡು ಚಳಿಗಾಲ ಅಂಗಡಿ ಅಂಗಡಿ ಅಲೆದಿದ್ದಳು. ಓಹಾಯೋದ ಆ ಊರಿನ ಉಕ್ಕಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ನಗರಸಭೆಯೂ ಕೈಚೆಲ್ಲಿತ್ತು. ಕಟ್ಟಡದ ಮಾಲೀಕರೇ ಸೇರಿ ತಮ್ಮ ಮೇಲೆ ತಾವು ಹೆಚ್ಚಿನ ತೆರಿಗೆ ಹಾಕಿಕೊಂಡು, ಆ ಹಣದಲ್ಲಿ ಬೀದಿ ಗುಡಿಸಲು, ಕಾವಲು ಕಾಯಲು ಆಳುಗಳನ್ನಿಡುವುದು, ಹೂಕುಂಡ ಇಡುವುದು ಅವಳ ಯೋಜನೆ. ಮಾಲೀಕರು ಒಪ್ಪಬೇಕಲ್ಲ! ಕೊನೆಗೆ, ಯಾರ ಕಟ್ಟಡ ಬೀದಿಗೆ ಎಷ್ಟು ಅಗಲವೋ ಅವರ ಮತಕ್ಕೆ ಅಷ್ಟು ತೂಕ ಎಂದು ಅವಳೇ ದಾರಿ ತೋರಿಸಿದಳು. ಹಳೆಯ ಬ್ಯಾಂಕು ಸೇರಿ ಮುಕ್ಕಾಲು ಬೀದಿ ಕೊಂಡಿದ್ದ ಹೊರಊರಿನ ಕಂಪನಿ ತಕ್ಷಣ ಒಪ್ಪಿತು. ಸಂಘ ಹುಟ್ಟಿತು.

ಸಂಘದ ಮೊದಲ ಕೆಲಸವೇ ಬೀದಿಯ ಬೆಂಚುಗಳನ್ನು ಕೀಳಿಸಿದ್ದು.

"ಕೂರೋಕೆ ಜಾಗ ಕೊಟ್ರೆ ಮಲಗ್ತಾರೆ. ಬೆಂಚು ಹೋದ್ರೆ ಕುಡುಕರೂ ಹೋಗ್ತಾರೆ," ಎಂದು ವಿಲ್ಮಾ ಸಭೆಯಲ್ಲಿ ಅಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆ ಎಂದರೆ ಯಾರಿಗೆ ಬೇಡ?

ಅವಳ ಗಂಡ ಎಮಿಲ್‌ನ ಶ್ವಾಸಕೋಶವನ್ನು ಕಾರ್ಖಾನೆಯ ಕುಲುಮೆ ತಿಂದುಹಾಕಿತ್ತು. ಆದರೂ ದಿನಾ ಮಧ್ಯಾಹ್ನ ಎಲೆಕೋಸಿನ ಸುರುಳಿಯನ್ನೋ ಸೂಪನ್ನೋ ಡಬ್ಬಿಗೆ ತುಂಬಿಕೊಂಡು ಅವಳ ಬಟ್ಟೆ ಅಂಗಡಿಗೆ ನಡೆದು ಬರುತ್ತಿದ್ದ. ಇಬ್ಬರೂ ಗಲ್ಲಾದ ಹಿಂದೆ ಕೂತು ಉಣ್ಣುತ್ತಿದ್ದರು. ದಿನವಿಡೀ ಅವನಿಗಿದ್ದದ್ದು ಅದೊಂದೇ ಕೆಲಸ, ಅದೊಂದೇ ಸಂತೋಷ. ಅರ್ಧ ದಾರಿಯಲ್ಲಿ, ಬ್ಯಾಂಕಿನ ಮುಂದಿನ ಬೆಂಚಿನಲ್ಲಿ ದಣಿವಾರಿಸಿಕೊಳ್ಳುತ್ತೇನೆಂದು ಮಾತ್ರ ಹೆಂಡತಿಗೆ ಹೇಳಿರಲಿಲ್ಲ. ಹಾಳು ಬಿಗುಮಾನ.

ಬೆಂಚು ಕಿತ್ತ ವಾರ ಒಂದು ದಿನ ಅವನು ಬರುವುದು ತಡವಾಯಿತೆಂದು ವಿಲ್ಮಾ ಹುಡುಕಿಕೊಂಡು ಹೊರಟಳು. ಬ್ಯಾಂಕಿನ ಮುಂದೆ, ಅವಳೇ ಆರಿಸಿದ್ದ ಹೂಕುಂಡದ ಅಂಚಿನ ಮೇಲೆ ಎಮಿಲ್ ಬಾಯಿ ತೆರೆದು ಕೂತಿದ್ದ. ಡಬ್ಬಿ ತೊಡೆಯ ಮೇಲಿತ್ತು. ಎದುರಿಗೆ ಹಳದಿ ಜಾಕೀಟಿನ ಟೆರೆಲ್, ಸಂಘದ ಕಾವಲಿನವನು.

"ಸಾರ್, ಇಲ್ಲಿ ಕೂರೋ ಹಾಗಿಲ್ಲ."

"ಒಂಚೂರು ಉಸಿರು ಬರ್ಲಿ ತಮ್ಮಾ."

"ನನ್ನ ಕೆಲಸ ಹೋಗುತ್ತೆ ಸಾರ್. ವಿಲ್ಮಾ ಮೇಡಂ ರೂಲು."

ಎಮಿಲ್ ನಕ್ಕ. "ಅವಳ ರೂಲಾ? ಹಂಗಾದ್ರೆ ಮುಗೀತು ಬಿಡು. ಮದುವೆ ಆದಾಗ್ಲಿಂದ ಅದನ್ನೇ ಪಾಲಿಸ್ತಾ ಇದೀನಿ." ಗೋಡೆ ಹಿಡಿದು ಎದ್ದ. ದಿನಾ ಅವನು ದಣಿವಾರಿಸಿಕೊಳ್ಳುತ್ತಿದ್ದದ್ದು ತಾನು ಕೀಳಿಸಿದ ಬೆಂಚಿನ ಮೇಲೆ ಎಂದು ವಿಲ್ಮಾಳಿಗೆ ಆಗ ಹೊಳೆಯಿತು.

ಮುಂದಿನ ಸಭೆಯಲ್ಲಿ ಅವಳು ಎಮಿಲ್‌ಗಾಗಿ ಬ್ಯಾಂಕಿನ ಮುಂದೆ ಒಂದೇ ಒಂದು ಬೆಂಚು ಕೇಳಿದಳು.

"ಕೂರೋಕೆ ಜಾಗ ಕೊಟ್ರೆ ಮಲಗ್ತಾರೆ ಅಂದೋರು ನೀವೇ ಅಲ್ವಾ?" ಎಂದ ಕಂಪನಿಯ ಪ್ರತಿನಿಧಿ ಬ್ಲೇನ್.

"ಅವನು ನನ್ನ ಗಂಡ ಕಣಯ್ಯಾ! ಮಲಗೋಕೆ ಅವನಿಗೆ ಮನೆ ಇದೆ."

"ನೋಡೋರಿಗೆ ಅದು ಗೊತ್ತಾಗುತ್ತಾ?"

ಚಿಕ್ಕ ಅಂಗಡಿಗಳವರೆಲ್ಲ ಬೆಂಚಿನ ಪರ ಕೈ ಎತ್ತಿದರು. ಬ್ಲೇನ್ ಒಬ್ಬನೇ ವಿರುದ್ಧ ಎತ್ತಿದ. ಅಗಲದ ಲೆಕ್ಕದಲ್ಲಿ ಅವನೇ ಗೆದ್ದ.

ಮಾರನೆಯ ಬೆಳಿಗ್ಗೆ ವಿಲ್ಮಾ ಅಂಗಡಿಯ ಕುರ್ಚಿಯನ್ನು ತಾನೇ ಹೊತ್ತೊಯ್ದು ಬ್ಯಾಂಕಿನ ಮುಂದಿಟ್ಟಳು. ಊಟದ ಹೊತ್ತಿಗೆ ಟೆರೆಲ್ ಅದನ್ನು ವಾಪಸು ತಂದ. "ತಪ್ಪು ತಿಳ್ಕೋಬೇಡಿ ಮೇಡಂ," ಎಂದು ತಲೆ ತಗ್ಗಿಸಿದ. ವಿಲ್ಮಾ ಕುರ್ಚಿಯನ್ನು ಕಿಟಕಿಯ ಗಾಜಿನ ಪಕ್ಕಕ್ಕೆ ಎಳೆದಿಟ್ಟಳು.

ಅಷ್ಟರಲ್ಲಿ ಎಮಿಲ್‌ನ ಫೋನು ಬಂತು.

"ನಾನು ಬರಲ್ಲ ಕಣೇ. ಇನ್ಮೇಲೆ ಬೆಳಿಗ್ಗೆನೇ ಊಟ ಕಟ್ಕೊಂಡು ಹೋಗಿಬಿಡು."

"ಕಾರು ತರ್ತೀನಿ ಎಮಿಲ್. ಅಂಗಡಿ ಮುಚ್ಚಿ ಬರ್ತೀನಿ."

"ಬೇಡ್ವೇ. ಕರ್ಕೊಂಡು ಬಂದು ಕೂರಿಸೋಕೆ ನಾನೇನು ಸಾಮಾನಾ? ಬೀದಿ ಚೆನ್ನಾಗಿ ಮಾಡಿದೀಯ. ಇರ್ಲಿ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಆ ಕುರ್ಚಿಯಲ್ಲೇ ಅವಳು ಕೂತಳು. ಗಾಜಿನಾಚೆ ತೊಳೆದ ಬೀದಿ ಫಳಫಳ ಹೊಳೆಯುತ್ತಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಎಮಿಲ್ ಇನ್ನು ಬರುವುದಿಲ್ಲವೆಂದು ಗೊತ್ತಿದ್ದೂ, ಬ್ಯಾಂಕಿನ ಕಡೆಯ ದಾರಿಯನ್ನೇ ನೋಡುತ್ತಿದ್ದಳು.